ಮಂಜುಗಡ್ಡೆಯ ಕೆಳಗಿನ ಟ್ರೌಟ್: ನನ್ನ ಅನುಭವ

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಮಂಜುಗಡ್ಡೆಯ ಮೇಲೆ ಕುಳಿತು ಗಾಳ ಹಾಕುವವರಲ್ಲಿ ಬಹಳ ಮಂದಿ ವಾಲಾಯ್, ಪೈಕ್ ಮೀನುಗಳಿಗಾಗಿ ದೊಡ್ಡ ಸರೋವರಗಳಿಗೆ ಹೋಗುತ್ತಾರೆ. ನನಗೆ ಹಿಡಿಸಿದ್ದು ಮಾತ್ರ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ತಂದು ಬಿಟ್ಟಿರುವ ಸಣ್ಣ ಕೆರೆಗಳು. ಮಿನಿಯಾಪೊಲಿಸ್‌ನ ನೈರುತ್ಯಕ್ಕಿರುವ ಚಾಸ್ಕಾ ಊರಿನ ಕೋರ್ಟ್‌ಹೌಸ್ ಕೆರೆ ಅಂಥದ್ದೊಂದು. ಹಿಂದೆ ಇಟ್ಟಿಗೆಗಾಗಿ ಜೇಡಿಮಣ್ಣು ಅಗೆದ ಹೊಂಡದಲ್ಲಿ ನೀರು ನಿಂತು ಆದ ಕೆರೆ ಇದು. ವಿಸ್ತಾರ ಕಡಿಮೆ, ಆಳ ಹೆಚ್ಚು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಇದರಲ್ಲಿ ರೇನ್‌ಬೋ ಟ್ರೌಟ್ ಬಿಡುತ್ತದೆ. ಇಂಥ ಕೆರೆಗಳಲ್ಲಿ ಚಳಿಗಾಲದ ಹಂಗಾಮು ಜನವರಿ ಮಧ್ಯದಲ್ಲಿ ಆರಂಭವಾಗಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಬೇರೆ ಕೆರೆಗಳಲ್ಲಿ ಎರಡು ಗಾಳಗಳಿಗೆ ಅವಕಾಶವಿದ್ದರೂ ಇಲ್ಲಿ ಒಬ್ಬರಿಗೆ ಒಂದೇ. ಜೀವಂತ ಮರಿಮೀನುಗಳನ್ನು ಎರೆಯಾಗಿ ಬಳಸುವಂತಿಲ್ಲ.

ಮಂಜುಗಡ್ಡೆ ಗಟ್ಟಿಯಿದೆಯೇ ಎಂಬುದನ್ನು ನಾನು ಬೇರೆಯವರ ಮಾತಿನಿಂದಾಗಲಿ, ಮೊದಲೇ ಮೂಡಿರುವ ಹೆಜ್ಜೆ ಗುರುತುಗಳಿಂದಾಗಲಿ ತೀರ್ಮಾನಿಸುವುದಿಲ್ಲ. ಕೈಯಲ್ಲಿ ಹಾರೆ ಹಿಡಿದು ಪ್ರತಿ ಹೆಜ್ಜೆಗೂ ಮುಂದಕ್ಕೆ ಕುಟ್ಟುತ್ತಾ ನಡೆಯುತ್ತೇನೆ. ನಡೆಯಲು ತಿಳಿಯಾದ ಹೊಸ ಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿರಬೇಕು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಗಡ್ಡೆಗೆ ಅದರ ಅರ್ಧದಷ್ಟೇ ಬಲವಿರುವುದರಿಂದ ದಪ್ಪ ಇಮ್ಮಡಿಯಾಗಿರಬೇಕು.

ಎಲ್ಲಿ ರಂಧ್ರ ಕೊರೆಯಬೇಕು ಎಂಬುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಅಡಗಿದೆ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಭಾರವಾಗಿರುವುದರಿಂದ ಚಳಿಗಾಲದಲ್ಲಿ ಕೆರೆಯ ತಳವೇ ತುಸು ಬೆಚ್ಚಗಿರುತ್ತದೆ, ಆದ್ದರಿಂದ ಮೀನೂ ಅಲ್ಲೇ ಇರುತ್ತದೆಂದು ಹೊಸಬರು ಭಾವಿಸಿ ನಡುಕೆರೆಗೆ ಹೋಗುತ್ತಾರೆ. ಆದರೆ ತಳದಲ್ಲಿ ಕೊಳೆಯುವ ಎಲೆ, ಕಳೆಗಳು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಟ್ರೌಟ್‌ಗೆ ಬೆಚ್ಚನೆಯ ನೀರಿಗಿಂತ ಉಸಿರಾಡಲು ಒಳ್ಳೆಯ ನೀರು ಮುಖ್ಯ. ಅದರ ಆಹಾರವಾದ ಕೀಟಗಳ ಮರಿಗಳೂ ಸಣ್ಣ ಸಿಗಡಿಯಂಥ ಜೀವಿಗಳೂ ದಡದ ಕಳೆಗಳಲ್ಲಿರುತ್ತವೆ. ಹಾಗಾಗಿ ನಾನು ದಡಕ್ಕೆ ಹತ್ತಿರ, 5ರಿಂದ 10 ಅಡಿ ನೀರಿರುವಲ್ಲಿ, ಕಳೆಯ ಅಂಚಿಗೆ ಹೊಂದಿಕೊಂಡಂತೆ ಕೊರೆಯುತ್ತೇನೆ.

ಅಷ್ಟು ಕಡಿಮೆ ನೀರಿನಲ್ಲಿ ಸದ್ದು ಮೀನನ್ನು ಬೇಗ ಬೆದರಿಸುತ್ತದೆ. ಬೇಕಾದ ರಂಧ್ರಗಳನ್ನೆಲ್ಲ ಬೆಳಕು ಹರಿಯುವ ಮೊದಲೇ ಕೊರೆದು, ತೇಲುವ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆದು, ಆಮೇಲೆ ಓಡಾಟ ನಿಲ್ಲಿಸುತ್ತೇನೆ. ಮುಂಜಾನೆಯ ಮೊದಲ ಒಂದೆರಡು ಗಂಟೆಗಳೇ ದಿನದ ಅತ್ಯುತ್ತಮ ಹೊತ್ತು. ದಾರ 4 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನದು. ತುದಿಯಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಟಂಗ್‌ಸ್ಟನ್ ಲೋಹದ ಜಿಗ್, ಅಂದರೆ ಕೊಕ್ಕೆಯಿರುವ ಪುಟ್ಟ ಭಾರದ ಗುಂಡು; ಅದರ ಕೊಕ್ಕೆಗೆ ಎರೆಯಾಗಿ ಒಂದು ಮೇಣದ ಹುಳು (ಮೇಣದ ಪತಂಗದ ಮರಿಹುಳು). ಅದನ್ನು ತಳಕ್ಕೆ ಇಳಿಸದೆ, ಗಡ್ಡೆಯಿಂದ ಮೂರು ನಾಲ್ಕು ಅಡಿ ಕೆಳಗೆ ನಿಲ್ಲಿಸಿ, ಮಣಿಕಟ್ಟಿನಿಂದ ತುಸುವೇ ಅಲುಗಿಸಿ ಸುಮ್ಮನಿರಬೇಕು. ಹೆಚ್ಚು ಕುಣಿಸಿದರೆ ಟ್ರೌಟ್ ಬಂದು ನೋಡಿ ತಿರುಗಿಬಿಡುತ್ತದೆ.

ಕಚ್ಚಿದ್ದು ತಿಳಿಯುವುದು ಯಾವಾಗಲೂ ಎಳೆತದಿಂದಲ್ಲ. ಟ್ರೌಟ್ ಎಷ್ಟೋ ಸಲ ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೇ ಈಜುತ್ತದೆ. ಆಗ ಜಿಗ್‌ನ ಭಾರಕ್ಕೆ ಬಾಗಿದ್ದ ಕೋಲಿನ ತುದಿ ನೆಟ್ಟಗಾಗಿ ದಾರ ಸಡಿಲವಾಗುತ್ತದೆ. ಆ ಸಡಿಲವನ್ನು ಕಂಡೊಡನೆ ಕೋಲೆತ್ತಬೇಕು. ನಂತರದ ಓಟ ಜೋರಾಗಿರುವುದರಿಂದ ದಾರ ಸುತ್ತಿರುವ ರೀಲಿನ ಬಿಗಿಯನ್ನು ಮೊದಲೇ ಇಳಿಸಿಟ್ಟಿರುತ್ತೇನೆ. ಮೀನು ಪಕ್ಕಕ್ಕೆ ನುಗ್ಗಿದಾಗ ದಾರ ರಂಧ್ರದ ಕೆಳ ಅಂಚಿಗೆ ಉಜ್ಜಿ ತುಂಡಾಗದಂತೆ ಕೋಲಿನ ತುದಿಯನ್ನೇ ನೀರಿಗಿಳಿಸಿ ಹಿಡಿಯುತ್ತೇನೆ.

ಮರಳಿ ಬಿಡಬೇಕಾದ ಮೀನನ್ನು ಗಡ್ಡೆಯ ಮೇಲೆ ಇಡಲೇಬಾರದು. ಶೂನ್ಯಕ್ಕಿಂತ 15, 20 ಡಿಗ್ರಿ ಕೆಳಗಿನ ಗಾಳಿಯಲ್ಲಿ ಅದರ ಕಿವಿರು, ಕಣ್ಣುಗಳು ಬೇಗನೆ ಹೆಪ್ಪುಗಟ್ಟುತ್ತವೆ. ಆದ್ದರಿಂದ ರಂಧ್ರದ ನೀರಿನಲ್ಲಿರುವಾಗಲೇ ಚಿಮಟದಿಂದ ಕೊಕ್ಕೆ ಬಿಡಿಸುತ್ತೇನೆ. ಮಾರ್ಚ್ ಬರುವ ಹೊತ್ತಿಗೆ, ಗಡ್ಡೆಯ ಮೇಲೆ ದಪ್ಪ ಹಿಮ ಕೂತು ಬೆಳಕು ತಪ್ಪಿದ ಕೆರೆಗಳಲ್ಲಿ, ತಳದ ಆಮ್ಲಜನಕ ಇನ್ನಷ್ಟು ಕುಗ್ಗಿ ಮೀನುಗಳು ಗಡ್ಡೆಯ ಅಡಿಗೇ ಬಂದು ಸೇರುತ್ತವೆ. ಆಗ ಎರೆಯನ್ನು ಎರಡಡಿಗಿಂತ ಕೆಳಗೆ ನಾನು ಬಿಡುವುದು ಅಪರೂಪ.