ದೂರದಿಂದ ಕಂಪ್ಯೂಟರ್ ಸರಿಪಡಿಸುವಾಗ ‘ಯೆಸ್’ ಒತ್ತಬೇಕಾದವರು ಯಾರು?

ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ ಕುಳಿತು, ಸುಮಾರು 45 ಕಿ.ಮೀ. ದೂರದ ಮಂಡ್ಯದಲ್ಲಿರುವ ಚಿಕ್ಕಪ್ಪನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯ ಕಂಪ್ಯೂಟರನ್ನು ಸರಿಪಡಿಸುವ ಕೆಲಸ ತಿಂಗಳಿಗೆ ಎರಡು ಬಾರಿಯಾದರೂ ನನ್ನ ಪಾಲಿಗೆ ಬರುತ್ತದೆ. ಪ್ರಿಂಟರಿನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಹಾಕಲು ಫೈಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದೆನೋ ಇಲ್ಲವೋ, ನನ್ನ ಪರದೆ ಕಪ್ಪಾಗುತ್ತದೆ. ಸಂಪರ್ಕ ಕಡಿದುಹೋಯಿತೆಂದು ನಾನು ರೂಟರಿನ ದೀಪಗಳನ್ನು ನೋಡುತ್ತಿದ್ದರೆ, ಫೋನಿನಲ್ಲಿ ಚಿಕ್ಕಪ್ಪ, “ಇಲ್ಲೇನೋ ಕೇಳ್ತಾ ಅದೆ ಕಣಪ್ಪ, ಯೆಸ್ ಒತ್ಲಾ, ನೋ ಒತ್ಲಾ?” ಎನ್ನುತ್ತಾರೆ. ದೂರದಿಂದ ನೆರವು ನೀಡುವವರಿಗೆ ಮತ್ತು ಪಡೆಯುವವರಿಗೆ ಇಬ್ಬರಿಗೂ ಗೊಂದಲ ತರುವ, ಪರದೆಯ ಮೇಲೆ ಅನುಮತಿ ಕೇಳುವ ಈ ಪೆಟ್ಟಿಗೆಯನ್ನು ನಿಭಾಯಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಪರದೆ ಕಪ್ಪಾಗುವುದೇಕೆ?

ವಿಂಡೋಸ್‌ನಲ್ಲಿ ಈ ಪೆಟ್ಟಿಗೆಯನ್ನು ತೋರಿಸುವ ವ್ಯವಸ್ಥೆಗೆ ಯೂಸರ್ ಅಕೌಂಟ್ ಕಂಟ್ರೋಲ್, ಚಿಕ್ಕದಾಗಿ ಯುಎಸಿ, ಎಂದು ಹೆಸರು. 2007ರಲ್ಲಿ ಜನಸಾಮಾನ್ಯರ ಕೈಗೆ ಬಂದ ವಿಂಡೋಸ್ ವಿಸ್ಟಾದೊಂದಿಗೆ ಇದು ಬಂತು. ನುಡಿ ತಂತ್ರಾಂಶ ಹಾಕುವುದಿರಲಿ, ಡ್ರೈವರ್ ಬದಲಿಸುವುದಿರಲಿ, ಇಡೀ ಯಂತ್ರಕ್ಕೆ ತಗಲುವ ಬದಲಾವಣೆಯನ್ನು ಯಾವುದಾದರೂ ಪ್ರೋಗ್ರಾಂ ಮಾಡಹೊರಟಾಗ, ಅಡ್ಮಿನಿಸ್ಟ್ರೇಟರ್ (ಯಂತ್ರದ ಮೇಲೆ ಪೂರ್ಣ ಅಧಿಕಾರವುಳ್ಳವರ) ಅನುಮತಿ ಇದೆಯೇ ಎಂದು ಅದು ತಡೆದು ಕೇಳುತ್ತದೆ. ಹಾಗೆ ಕೇಳುವಾಗ ವಿಂಡೋಸ್ ಸಾಮಾನ್ಯ ಡೆಸ್ಕ್‌ಟಾಪನ್ನು ಬದಿಗಿಟ್ಟು, ಬೇರೆ ಪ್ರೋಗ್ರಾಂಗಳು ಮುಟ್ಟಲಾಗದ ಪ್ರತ್ಯೇಕ ಸುರಕ್ಷಿತ ಡೆಸ್ಕ್‌ಟಾಪಿನಲ್ಲಿ ಪೆಟ್ಟಿಗೆಯನ್ನು ಮೂಡಿಸುತ್ತದೆ. ಹಿಂಬದಿಯಲ್ಲಿ ಮಬ್ಬಾಗಿ ಕಾಣುವುದು ನಿಜವಾದ ಡೆಸ್ಕ್‌ಟಾಪ್ ಅಲ್ಲ, ಆ ಕ್ಷಣಕ್ಕೆ ತೆಗೆದ ಅದರ ಚಿತ್ರ ಮಾತ್ರ. ಬಲಮೂಲೆಯ ಗಡಿಯಾರವನ್ನು ಗಮನಿಸಿದರೆ ಅದು ಮುಂದೆ ಹೋಗದೆ ನಿಂತಿರುವುದು ಕಾಣುತ್ತದೆ. ದೂರದಿಂದ ನೆರವು ನೀಡಲು ಬಳಸುವ ಪ್ರೋಗ್ರಾಂ ಕೂಡ ಆ ‘ಬೇರೆ ಪ್ರೋಗ್ರಾಂ’ಗಳಲ್ಲಿ ಒಂದಾದ್ದರಿಂದ, ಸಾಮಾನ್ಯ ಅನುಮತಿಯಲ್ಲಿ ಓಡುತ್ತಿರುವಾಗ ಅದಕ್ಕೆ ಪೆಟ್ಟಿಗೆ ಕಾಣುವುದೂ ಇಲ್ಲ, ಒತ್ತಲು ಸಿಗುವುದೂ ಇಲ್ಲ. ಆದ್ದರಿಂದ ಇದನ್ನು ದೋಷವೆಂದು ತಿಳಿಯಬಾರದು. ಯಂತ್ರದ ಮುಂದೆ ಕುಳಿತವರೇ ಉತ್ತರ ಕೊಡಲಿ ಎಂದೇ ಹೀಗೆ ಕಟ್ಟಿದ್ದಾರೆ.

ಆರಂಭಿಸುವ ಮೊದಲು

ಸಂಪರ್ಕ ಏರ್ಪಡಿಸುವುದಕ್ಕೆ ಮುನ್ನವೇ ಎರಡು ವಿಷಯಗಳನ್ನು ಫೋನಿನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮೊದಲನೆಯದು, ಆ ಕಂಪ್ಯೂಟರಿನಲ್ಲಿ ಲಾಗಿನ್ ಆಗಿರುವ ಖಾತೆ ಅಡ್ಮಿನಿಸ್ಟ್ರೇಟರ್ ಖಾತೆಯೋ, ಸ್ಟ್ಯಾಂಡರ್ಡ್ ಖಾತೆಯೋ ಎಂಬುದು. ಅಡ್ಮಿನಿಸ್ಟ್ರೇಟರ್ ಆಗಿದ್ದರೆ ಪೆಟ್ಟಿಗೆಯಲ್ಲಿ ಯೆಸ್ ಮತ್ತು ನೋ ಮಾತ್ರ ಇರುತ್ತವೆ; ಸ್ಟ್ಯಾಂಡರ್ಡ್ ಆಗಿದ್ದರೆ ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡನ್ನು ಅದು ಕೇಳುತ್ತದೆ. ಎರಡನೆಯದು, ಆ ಪಾಸ್‌ವರ್ಡ್ ಗೊತ್ತಿರುವವರು ಕೆಲಸ ಮುಗಿಯುವವರೆಗೆ ಅಲ್ಲೇ ಇರುತ್ತಾರೆಯೇ ಎಂಬುದು. ಈ ಎರಡನೆಯ ಪ್ರಶ್ನೆಯನ್ನು ಕೇಳದೆ ನಾನು ಒಂದು ಮಧ್ಯಾಹ್ನವನ್ನೇ ಕಳೆದುಕೊಂಡಿದ್ದೇನೆ. ಚಿಕ್ಕಪ್ಪ ಊಟಕ್ಕೆ ಮನೆಗೆ ಹೋಗಿದ್ದರು, ಅಂಗಡಿಯಲ್ಲಿ ಟೈಪಿಂಗ್ ಮಾಡುವ ಹುಡುಗಿಗೆ ಪಾಸ್‌ವರ್ಡ್ ತಿಳಿದಿರಲಿಲ್ಲ, ಸುಮಾರು ಎರಡು ನಿಮಿಷ ಉತ್ತರ ಸಿಗದಿದ್ದರೆ ಪೆಟ್ಟಿಗೆ ತಾನಾಗಿಯೇ ‘ನೋ’ ಎಂದುಕೊಂಡು ಮುಚ್ಚಿಕೊಳ್ಳುತ್ತದೆ ಎಂಬುದು ಆಗ ನನಗೂ ತಿಳಿದಿರಲಿಲ್ಲ.

ಸರ್ಕಾರಿ ಕಚೇರಿ ಅಥವಾ ಕಾರ್ಖಾನೆಯ ಕಂಪ್ಯೂಟರ್ ಆದರೆ ಈ ಪಾಸ್‌ವರ್ಡ್ ಅಲ್ಲಿನ ಐಟಿ ವಿಭಾಗದ ಬಳಿ ಇರುತ್ತದೆ. ಅವರನ್ನು ದಾಟಿ ಹೋಗುವ ದಾರಿ ಹುಡುಕಬೇಡಿ.

ಸಂಪರ್ಕ ಮತ್ತು ಒಪ್ಪಿಗೆ

ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಎಂಬ ದೂರ ನೆರವಿನ ಪ್ರೋಗ್ರಾಂ ಬಳಸುವುದಾದರೆ ಕಂಟ್ರೋಲ್, ವಿಂಡೋಸ್ ಮತ್ತು ಕ್ಯೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ನೆರವು ನೀಡುವವರು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಒಂದು ಕೋಡ್ ಪಡೆದು ಫೋನಿನಲ್ಲಿ ಓದಿ ಹೇಳಬೇಕು. ಅದರ ಆಯುಸ್ಸು ಹತ್ತು ನಿಮಿಷ. ಇದರಲ್ಲಿ ಯುಎಸಿ ಪೆಟ್ಟಿಗೆ ಬಂದಾಗಲೆಲ್ಲ ನೆರವಿನವರ ಪರದೆ ಕಪ್ಪಾಗುವುದು ಸಹಜವಾದ್ದರಿಂದ, “ಈಗ ಒಂದು ಪೆಟ್ಟಿಗೆ ಬರುತ್ತದೆ, ನನಗೆ ಕಾಣುವುದಿಲ್ಲ, ನೀವೇ ಓದಿ ಹೇಳಿ” ಎಂದು ಮುಂಚಿತವಾಗಿ ತಿಳಿಸುವುದೇ ಅತ್ಯಂತ ಸರಳವಾದ ಪರಿಹಾರ. ಮುಂಚೆ ಹೇಳದಿದ್ದರೆ, ಹಿರಿಯರು ಗಾಬರಿಯಿಂದ ‘ನೋ’ ಒತ್ತುವುದೇ ಹೆಚ್ಚು. ಅವರದು ತಪ್ಪೆಂದು ನಾನು ಹೇಳಲಾರೆ.

ಟೀಮ್‌ವ್ಯೂವರ್, ಎನಿಡೆಸ್ಕ್‌ನಂಥ ಪ್ರೋಗ್ರಾಂಗಳ ನಡವಳಿಕೆ ಸ್ವಲ್ಪ ಬೇರೆ. ಅವನ್ನು ಪೂರ್ಣವಾಗಿ ಇನ್‌ಸ್ಟಾಲ್ ಮಾಡಿದ್ದರೆ ಹಿನ್ನೆಲೆಯಲ್ಲಿ ವಿಂಡೋಸ್ ಸೇವೆಯಾಗಿ, ಹೆಚ್ಚಿನ ಅನುಮತಿಯಲ್ಲಿ ಓಡುವುದರಿಂದ ಸುರಕ್ಷಿತ ಡೆಸ್ಕ್‌ಟಾಪ್ ಕೂಡ ನೆರವಿನವರಿಗೆ ಕಾಣುತ್ತದೆ. ಇನ್‌ಸ್ಟಾಲ್ ಮಾಡದೆ ಡೌನ್‌ಲೋಡ್ ಮಾಡಿದ ಫೈಲನ್ನೇ ನೇರವಾಗಿ ಓಡಿಸಿದ್ದರೆ ಕಾಣುವುದಿಲ್ಲ. ಅಷ್ಟೇ ಅಲ್ಲ, ಯೆಸ್ ಒತ್ತಿದ ಮೇಲೆ ತೆರೆದ ಕಿಟಕಿ ಕಣ್ಣಿಗೆ ಕಂಡರೂ ಅದರೊಳಗೆ ನೆರವಿನವರ ಮೌಸ್ ಕೆಲಸ ಮಾಡುವುದಿಲ್ಲ. ಕಡಿಮೆ ಅನುಮತಿಯ ಪ್ರೋಗ್ರಾಂ ಹೆಚ್ಚಿನ ಅನುಮತಿಯ ಕಿಟಕಿಗೆ ಕ್ಲಿಕ್ ಕಳುಹಿಸುವುದನ್ನು ವಿಂಡೋಸ್ ತಡೆಯುವುದು ಇದಕ್ಕೆ ಕಾರಣ. ಮೌಸ್ ಕೆಟ್ಟಿದೆಯೆಂದು ಒದ್ದಾಡುವ ಬದಲು, ಆರಂಭದಲ್ಲೇ ಆ ಫೈಲಿನ ಮೇಲೆ ಬಲಗುಂಡಿ ಒತ್ತಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಯ್ದುಕೊಳ್ಳುವಂತೆ ಯಂತ್ರದ ಮುಂದಿರುವವರಿಗೆ ಹೇಳಬೇಕು. ಒಮ್ಮೆ ಅವರು ಯೆಸ್ ಒತ್ತಿದರೆ ಮುಂದಿನ ಕೆಲಸ ಸುಗಮ.

ಪೆಟ್ಟಿಗೆಯನ್ನು ಓದುವ ಬಗೆ

ಚಿಕ್ಕಪ್ಪನಿಗೆ ನಾನು ಕಲಿಸಿರುವುದು ಮೂರು ಸಾಲು ಓದುವುದನ್ನು: ಪ್ರೋಗ್ರಾಂ ಹೆಸರು, ಅದರ ಕೆಳಗಿನ ‘ವೆರಿಫೈಡ್ ಪಬ್ಲಿಷರ್’ ಸಾಲು, ಮತ್ತು ಮೇಲಿನ ಪಟ್ಟಿಯ ಬಣ್ಣ. ವಿಂಡೋಸ್ 10 ಮತ್ತು 11ರಲ್ಲಿ ನೀಲಿ ಪಟ್ಟಿ ಇದ್ದರೆ ತಯಾರಕರ ಡಿಜಿಟಲ್ ಸಹಿ ತಾಳೆಯಾಗಿದೆ ಎಂದರ್ಥ. ಹಳದಿ ಇದ್ದು ‘ಅನ್‌ನೋನ್’ ಎಂದಿದ್ದರೆ ಫೈಲಿಗೆ ನಂಬಬಹುದಾದ ಸಹಿ ಇಲ್ಲ. ಹಳದಿ ಬಂದ ಮಾತ್ರಕ್ಕೆ ಅದು ವೈರಸ್ ಎಂದಲ್ಲ. ಲೇಬಲ್ ಪ್ರಿಂಟರಿನ ಜೊತೆ ಬಂದ ಹಳೆಯ ಸಿ.ಡಿ.ಯ ಡ್ರೈವರ್ ಕೂಡ ಹಾಗೆ ಬರಬಹುದು. ಆದರೆ ಆಗ ‘ಶೋ ಮೋರ್ ಡೀಟೇಲ್ಸ್’ ಒತ್ತಿ ಫೈಲ್ ಯಾವ ಫೋಲ್ಡರಿನಿಂದ ಓಡುತ್ತಿದೆ ಎಂಬುದನ್ನು ಓದಿಸಿಕೊಳ್ಳಬೇಕು. ನಾನೇ ಈಗಷ್ಟೇ ತೆರೆದ ಫೈಲಿನ ಹೆಸರು ಅಲ್ಲಿ ಇಲ್ಲದಿದ್ದರೆ ಉತ್ತರ ‘ನೋ’.

ಪಾಸ್‌ವರ್ಡ್ ಕೇಳಿದಾಗ ಅದನ್ನು ಮಾಲೀಕರೇ ಒತ್ತಬೇಕು. ಫೋನಿನಲ್ಲಿ ಕೂಗಿ ಹೇಳುವುದು, ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವುದು ಬೇಡ. ಅಣ್ಣನ ಮಗನಾದರೂ ನನಗೆ ಅದು ತಿಳಿಯಬೇಕಾದ ಅಗತ್ಯವಿಲ್ಲ. ಇನ್ನು, ತಾನು ಇಂಥ ಕಂಪನಿಯವನು ಎಂದು ತಾನಾಗಿಯೇ ಕರೆ ಮಾಡಿದ ಅಪರಿಚಿತನು ಈ ಯೆಸ್ ಒತ್ತಿಸಲು ನೋಡಿದರೆ, ಸಂಪರ್ಕ ಕಡಿದು ಇಂಟರ್‌ನೆಟ್ ಆಫ್ ಮಾಡಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯುಎಸಿಯನ್ನು ಆಫ್ ಮಾಡಬಹುದೇ?

ಕಂಟ್ರೋಲ್ ಪ್ಯಾನೆಲಿನಲ್ಲಿ ಯುಎಸಿಗೆ ನಾಲ್ಕು ಹಂತಗಳ ಒಂದು ಜಾರುಗುಂಡಿ (ಸ್ಲೈಡರ್) ಇದೆ. ಮೇಲಿನಿಂದ ಎರಡನೆಯದು ಮೂಲ ಸ್ಥಿತಿ. ಮೂರನೆಯದಕ್ಕೆ ಇಳಿಸಿದರೆ ಡೆಸ್ಕ್‌ಟಾಪ್ ಮಬ್ಬಾಗದೆ ಪೆಟ್ಟಿಗೆ ಸಾಮಾನ್ಯ ಪರದೆಯಲ್ಲೇ ಬರುವುದರಿಂದ, ಕ್ವಿಕ್ ಅಸಿಸ್ಟಿನಲ್ಲಿಯೂ ನೆರವಿನವರಿಗೆ ಕಾಣುತ್ತದೆ. ಹತ್ತಾರು ಬಾರಿ ಅನುಮತಿ ಬೇಡುವ ಕೆಲಸವಿದ್ದಾಗ ಮಾತ್ರ ಮಾಲೀಕರ ಒಪ್ಪಿಗೆ ಪಡೆದು ಇದನ್ನು ಮಾಡಬಹುದು, ಮುಗಿದೊಡನೆ ಗುಂಡಿಯನ್ನು ಮೇಲಕ್ಕೆ ತರಬೇಕು. ಕೊನೆಯ ಹಂತಕ್ಕಂತೂ ಇಳಿಸಲೇಬಾರದು: ಅಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಎಲ್ಲವೂ ಕೇಳದೆಯೇ ನುಗ್ಗುತ್ತದೆ, ಸ್ಟ್ಯಾಂಡರ್ಡ್ ಖಾತೆಯಲ್ಲಿ ಎಲ್ಲವೂ ಕೇಳದೆಯೇ ನಿರಾಕರಣೆಯಾಗುತ್ತದೆ.

ಸ್ಟ್ಯಾಂಡರ್ಡ್ ಖಾತೆಯಲ್ಲಿ ಇನ್ನೊಂದು ಹಳ್ಳ ಕಾದಿರುತ್ತದೆ, ಅದರಲ್ಲಿ ನಾನೂ ಬಿದ್ದಿದ್ದೇನೆ. ಟೈಪಿಂಗ್ ಹುಡುಗಿಯ ಖಾತೆಯಲ್ಲಿದ್ದಾಗ ಚಿಕ್ಕಪ್ಪನ ಪಾಸ್‌ವರ್ಡಿನಿಂದ ತೆರೆದ ಕಿಟಕಿ ಚಿಕ್ಕಪ್ಪನ ಖಾತೆಯ ಹೆಸರಿನಲ್ಲಿ ಓಡುತ್ತದೆ. ಅಲ್ಲಿಂದ ಪಕ್ಕದ ಕಂಪ್ಯೂಟರಿನ ಹಂಚಿಕೆಯ ಪ್ರಿಂಟರನ್ನು ಜೋಡಿಸಿದೆ, ಪರೀಕ್ಷೆಯ ಪುಟವೂ ಬಂತು. ಮರುದಿನ ಆ ಹುಡುಗಿಯ ಪಟ್ಟಿಯಲ್ಲಿ ಪ್ರಿಂಟರೇ ಇಲ್ಲ. ಅಂಥ ಜೋಡಣೆಗಳು, ನೆಟ್‌ವರ್ಕ್ ಡ್ರೈವ್‌ಗಳು ಆಯಾ ಖಾತೆಗೆ ಸೇರಿದವು. ಡ್ರೈವರನ್ನು ಅಡ್ಮಿನಿಸ್ಟ್ರೇಟರ್ ಅನುಮತಿಯಲ್ಲಿ ಹಾಕಿ, ಜೋಡಣೆಯನ್ನು ಬಳಕೆದಾರರ ಖಾತೆಯ ಸಾಮಾನ್ಯ ಕಿಟಕಿಯಿಂದಲೇ ಮಾಡಬೇಕು.

ಕೆಲಸ ಮುಗಿದ ಮೇಲೆ ತೆರೆದಿರುವ ಅಡ್ಮಿನಿಸ್ಟ್ರೇಟರ್ ಕಿಟಕಿಗಳನ್ನೆಲ್ಲ ಮುಚ್ಚಿ, ಜಾರುಗುಂಡಿಯ ಸ್ಥಾನವನ್ನು ಓದಿಸಿಕೊಂಡು, ನೆರವಿನ ಪ್ರೋಗ್ರಾಂನಲ್ಲಿ ಕಾಯಂ ಪ್ರವೇಶದ ಪಾಸ್‌ವರ್ಡ್ ಇಟ್ಟಿದ್ದರೆ ತೆಗೆದು, ಸಂಪರ್ಕವನ್ನು ಮಾಲೀಕರ ಕೈಯಿಂದಲೇ ಕಡಿಸಬೇಕು. ನಮ್ಮ ಚಿಕ್ಕಪ್ಪ ಅದನ್ನು ಕಡಿದ ಮೇಲೂ ಫೋನ್ ಇಡುವುದಿಲ್ಲ, “ಈಗ ನಿಂಗೆ ಏನೂ ಕಾಣ್ತಾ ಇಲ್ಲ ತಾನೆ?” ಎಂದು ಕೇಳಿ, ಇಲ್ಲವೆಂದ ಮೇಲೆಯೇ ಅಂಗಡಿಯ ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ.