ಪುಟ್ಟ ಮಕ್ಕಳಿಗೆ ಜನಾಂಗೀಯ ತಾರತಮ್ಯದ ಬಗ್ಗೆ ಹೇಳಿಕೊಡುವುದು ಹೇಗೆ?

'ಇಷ್ಟು ಚಿಕ್ಕವರಿಗೆ ಇದೆಲ್ಲ ಯಾಕೆ, ಸುಮ್ನೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತದೆ' ಎನ್ನುವವರು ಬಹಳ ಜನ. ಆದರೆ ನಾವು ಬಾಯಿ ಬಿಡದಿದ್ದರೂ ಮಕ್ಕಳು ಕಲಿತಿರುತ್ತಾರೆ. 1940ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ, 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಒಳ್ಳೆಯದು ಯಾವುದೆಂದು ಕೇಳಿದರು. ಹೆಚ್ಚಿನವರು ತೋರಿಸಿದ್ದು ಬಿಳಿಯದನ್ನೇ. ಇದನ್ನು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ, ಅಲ್ವಾ? ಹಾಗಾಗಿ ಶಾಲೆಯಲ್ಲಿ ಕಲಿಸಲೇಬೇಕು ಎನ್ನುವ ಕಡೆಯವನು ನಾನು.

ಐದಾರು ವರ್ಷದವರಿಗೆ ಇತಿಹಾಸದಿಂದ ಶುರು ಮಾಡಬೇಡಿ. ಕೆಂಪು, ಹಳದಿ, ನೀಲಿ, ಬಿಳಿ ಬಣ್ಣ ಕೊಟ್ಟು, ತಮ್ಮ ಕೈಯ ಬಣ್ಣ ಬರುವ ತನಕ ಕಲಸಲು ಹೇಳಿ. ಯಾರ ಕೈಯೂ ಪೂರ್ತಿ ಬಿಳಿಯಲ್ಲ, ಪೂರ್ತಿ ಕಪ್ಪಲ್ಲ ಎಂದು ಅವರಿಗೇ ಕಾಣುತ್ತದೆ. ಆಮೇಲೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವಿನ ಬಗ್ಗೆ ಎರಡು ಮಾತು: ಕೆಲವರ ಚರ್ಮದಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ, ಹೆತ್ತವರಿಂದ ಬರುತ್ತದೆ, ಬಿಸಿಲಿನಿಂದ ಕಾಪಾಡುತ್ತದೆ, ತೊಳೆದರೆ ಹೋಗಲು ಅದು ಕೊಳೆಯಲ್ಲ.

ಮಗುವೊಂದು 'ಅವನು ಯಾಕೆ ಅಷ್ಟು ಕಪ್ಪು?' ಎಂದು ಜೋರಾಗಿ ಕೇಳಿತು ಎನ್ನಿ. ದೊಡ್ಡವರು ಎಡವುವುದು ಇಲ್ಲೇ. ಬಾಯಿ ಮುಚ್ಚಿಸಿದರೆ, ಕಪ್ಪಾಗಿರುವುದೇ ಏನೋ ನಾಚಿಕೆಯ ವಿಷಯ ಎಂದು ಅದು ತಿಳಿದುಕೊಳ್ಳುತ್ತದೆ. ಮೆಲನಿನ್ ಉತ್ತರವನ್ನೇ ಸಹಜವಾಗಿ ಕೊಟ್ಟುಬಿಡಿ. ಆದರೆ 'ನೀನು ಕಪ್ಪು, ಆಟಕ್ಕೆ ಬರಬೇಡ' ಎನ್ನುವುದು ಪ್ರಶ್ನೆಯಲ್ಲ. ಆಟ ಅಲ್ಲೇ ನಿಲ್ಲಿಸಿ, ಮೊದಲು ನೊಂದ ಮಗುವಿನ ಹತ್ತಿರ ಹೋಗಿ, ಆಮೇಲೆ ಆ ಮಾತು ಕೇಳಿಸಿಕೊಂಡ ಎಲ್ಲರೆದುರು 'ಬಣ್ಣ ನೋಡಿ ಯಾರನ್ನೂ ಹೊರಗಿಡುವ ಹಾಗಿಲ್ಲ' ಎಂದು ಹೇಳಿ. ಬೈಗುಳ, ಭಾಷಣ ಎರಡೂ ಬೇಡ.

ಆರೇಳು ವರ್ಷಕ್ಕೆ ನಿಜವಾದ ಕಥೆ ಹೇಳಬಹುದು. 1960ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಸೇರಿದ ಕಪ್ಪು ಹುಡುಗಿ ರೂಬಿ ಬ್ರಿಡ್ಜಸ್‌ಗೆ ಆಗ ಆರೇ ವರ್ಷ. ಅಧಿಕಾರಿಗಳ ಕಾವಲಿನಲ್ಲಿ ಹೋದಳು, ಬೇರೆ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು, ಬಾರ್ಬರಾ ಹೆನ್ರಿ ಎಂಬ ಟೀಚರ್ ಅವಳೊಬ್ಬಳಿಗೇ ಪಾಠ ಮಾಡಿದರು. ತಮ್ಮದೇ ವಯಸ್ಸಿನವಳು ಎಂದ ತಕ್ಷಣ ಮಕ್ಕಳು ಕಿವಿಗೊಡುತ್ತಾರೆ. ಹೊಡೆತ, ರಕ್ತದ ಚಿತ್ರಗಳು ಈ ವಯಸ್ಸಿಗೆ ಖಂಡಿತ ಬೇಡ.

1968ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಟೀಚರ್ ಜೇನ್ ಎಲಿಯಟ್ ಕಣ್ಣಿನ ಬಣ್ಣ ನೋಡಿ ಮೂರನೇ ತರಗತಿಯ ಮಕ್ಕಳನ್ನು ಮೇಲು-ಕೀಳು ಮಾಡಿದ ಪ್ರಯೋಗ ಬಹಳ ಹೆಸರುವಾಸಿ. ನೀವು ಮಾಡಲು ಹೋಗಬೇಡಿ. ಪಾಠಕ್ಕೋಸ್ಕರ ಮಕ್ಕಳು ಅಳುವ ಹಾಗೆ ಮಾಡಬೇಕಿಲ್ಲ. ಹಾಗೆಯೇ, ತರಗತಿಯಲ್ಲಿ ಬೇರೆ ಬಣ್ಣದ ಒಂದೇ ಮಗುವಿದ್ದರೆ 'ನಿನ್ನ ಅನುಭವ ಹೇಳು' ಎಂದು ಎಬ್ಬಿಸಿ ನಿಲ್ಲಿಸಬೇಡಿ.

ಮನೆಯವರಿಗೆ ಮೊದಲೇ ತಿಳಿಸಿ. ಯಾವ ಕಥೆ, ಯಾವ ಚಟುವಟಿಕೆ ಎಂದು ಒಂದು ಪುಟ ಬರೆದು ಕಳಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.