ಮಧುಗಿರಿ ಬೆಟ್ಟದಲ್ಲಿ ವಿಯಾ ಆಲ್ಪಿನಾಕ್ಕೆ ತಯಾರಿ: ನನ್ನ ಅನುಭವ

ವಿಯಾ ಆಲ್ಪಿನಾ ಅಂದರೆ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿನ ದೂರದ ಚಾರಣ ದಾರಿ. ಅದರ ಕೆಂಪು ದಾರಿ ಇಟಲಿಯ ಟ್ರಿಯೆಸ್ಟೆ ಹತ್ತಿರ ಸಮುದ್ರದಂಚಿನಲ್ಲಿ ಶುರುವಾಗಿ, ಎಂಟು ದೇಶ ಮುಟ್ಟಿ ಮೊನಾಕೊದಲ್ಲಿ ಮುಗಿಯುತ್ತೆ. ಸುಮಾರು 2,500 ಕಿ.ಮೀ., ಒಂದೊಂದು ದಿನದ ನಡಿಗೆಯಂತೆ 161 ಹಂತ. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದಲ್ಲಿ ನಮಗೆ 180 ದಿನಕ್ಕೆ ಹೆಚ್ಚೆಂದರೆ 90 ದಿನ ಇರಲು ಅವಕಾಶ. ಎತ್ತರದ ಜಾಗಗಳಲ್ಲಿ ಜೂನ್ ಕೊನೆವರೆಗೂ ಹಿಮ ಕರಗಿರಲ್ಲ, ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಬಹಳಷ್ಟು ಹಟ್‌ಗಳು (ಚಾರಣಿಗರು ತಂಗುವ ಬೆಟ್ಟದ ಮನೆಗಳು) ಬಾಗಿಲು ಹಾಕುತ್ತವೆ. ಅದಕ್ಕೇ ದಾರಿಯನ್ನು ಎರಡು ಬೇಸಿಗೆಗೆ ಹಂಚಿಕೊಂಡೆ. ವೀಸಾ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ವಿಮೆಯಲ್ಲಿ ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ ಅಂತ ಬೇರೆಯಾಗಿ ನೋಡಿಕೊಳ್ಳಿ.

ಕಾಗದಪತ್ರಕ್ಕಿಂತ ದೊಡ್ಡ ಕೆಲಸ ಇಳಿಜಾರಿನದು. ಹತ್ತುವಾಗ ಉಸಿರು ಸಾಲದಿದ್ದರೆ ನಿಂತು ಸುಧಾರಿಸಿಕೊಳ್ಳಬಹುದು. ಒಂದೇ ದಿನ 1,000 ಮೀಟರ್ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದು ಸೋತರೆ ಪೆಟ್ಟೆಲ್ಲ ಮಂಡಿಗೆ. ಸಪಾಟು ರಸ್ತೆಯಲ್ಲಿ ಎಷ್ಟು ಕಿಲೋಮೀಟರ್ ನಡೆದರೂ ಈ ಶಕ್ತಿ ಬರಲ್ಲ.

ನಮ್ಮ ತುಮಕೂರು ಜಿಲ್ಲೆಯವರಿಗೆ ಇದಕ್ಕೆ ಮಧುಗಿರಿಯಂಥ ಜಾಗ ಇನ್ನೊಂದಿಲ್ಲ. ಬುಡದಿಂದ ತುದಿಗೆ ಸುಮಾರು 400 ಮೀಟರ್. ಮೂರು ಸಲ ಹತ್ತಿಳಿದರೆ ಆಲ್ಪ್ಸ್‌ನ ಒಂದು ದಿನದ ಲೆಕ್ಕ. ಚೀಲಕ್ಕೆ ನೀರಿನ ಬಾಟಲಿ ತುಂಬಿ ಮೊದಲು 5 ಕೆ.ಜಿ., ಆಮೇಲೆ 10. ಮೇಲೆ ಹೋಗಿ ನೀರು ಚೆಲ್ಲಬೇಡಿ, ಹೊರೆ ಬೇಕಿರುವುದೇ ಇಳಿಯುವಾಗ. ಎರಡನೇ ದಿನ ತೊಡೆ ಹಿಡಿದುಕೊಳ್ಳುವುದು ಸಹಜ. ನೋವು ಪೂರ್ತಿ ಇಳಿದ ಮೇಲೆಯೇ, ವಾರಕ್ಕೊಮ್ಮೆ, ಮತ್ತೆ ಮಾಡಿ. ಬಿಸಿಲುಗಾಲದಲ್ಲಿ ಬಂಡೆ ಕಾವಲಿಯಂತೆ ಕಾಯುತ್ತೆ, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಶೂ ಮಾಮೂಲಿಗಿಂತ ಅರ್ಧ ಅಳತೆ ದೊಡ್ಡದಿರಲಿ. ಇಳಿಯುವ ಮುಂಚೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ, ಹಿಮ್ಮಡಿ ಅಲ್ಲಾಡಬಾರದು. ಅಲ್ಲಾಡಿದರೆ ಪಾದ ಮುಂದಕ್ಕೆ ಜಾರಿ, ಹೆಬ್ಬೆರಳ ಉಗುರು ತುದಿಗೆ ಬಡಿದೂ ಬಡಿದೂ ಕಪ್ಪಾಗುತ್ತೆ. ಇಳಿಜಾರಿಗೆ ಟ್ರೆಕ್ಕಿಂಗ್ ಕೋಲನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಚರ್ಮ ಉರಿಯಲು ಶುರುವಾದ ಕೂಡಲೇ ಟೇಪ್ ಅಂಟಿಸಿ. ಹಟ್ ಸೇರಿ ನೋಡೋಣ ಅಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತೆ.

ಊಟ ಹಟ್‌ನಲ್ಲಿ ಸಿಗುತ್ತೆ. ನಡು ದಾರಿಗೆ ರಾಗಿ ಹುರಿಹಿಟ್ಟು 60 ಗ್ರಾಂ, ಬೆಲ್ಲದ ಪುಡಿ 30 ಗ್ರಾಂ ತಣ್ಣೀರಿನಲ್ಲೇ ಕಲಸಿದರೆ ಸಾಕು, ಒಲೆ ಬೇಡ. ಒಂದು ಕೆ.ಜಿ. ಹಿಟ್ಟು ಎರಡು ವಾರಕ್ಕೆ ಬರುತ್ತೆ. ತುಪ್ಪ, ಹಾಲಿನ ಪುಡಿ ಒಯ್ಯಬೇಡಿ, ಯುರೋಪಿಗೆ ಹೊರಗಿನ ಹಾಲಿನ ಪದಾರ್ಥ ಬಿಡಲ್ಲ. ಹಟ್‌ನಲ್ಲಿ ಮಲಗಲು ಸ್ವಂತದ ತೆಳು ಲೈನರ್ (ಒಳಗೆ ತೂರಿ ಮಲಗುವ ಬಟ್ಟೆಯ ಚೀಲ) ಬೇಕು, ಕೈಯಲ್ಲಿ ನಗದೂ ಇರಲಿ.

ಆಲ್ಪ್ಸ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಹೆಚ್ಚು. ಬೆಳಗ್ಗೆ ಆರಕ್ಕೇ ಹೊರಟು ಮಧ್ಯಾಹ್ನ ಒಂದರೊಳಗೆ ಎತ್ತರದ ಜಾಗ ದಾಟುವುದು ನನ್ನ ಪದ್ಧತಿ.

ಮಧುಗಿರಿ ಕಲಿಸದ ಪಾಠವೂ ಒಂದಿದೆ. ನಮ್ಮ ಗ್ರಾನೈಟ್ ಒಣಗಿದ್ದಾಗ ಶೂ ಕಚ್ಚಿ ಹಿಡಿಯುತ್ತೆ. ದಾರಿಯಲ್ಲಿ ಸಿಗುವ ಸ್ಲೊವೇನಿಯಾದ ಸುಣ್ಣಕಲ್ಲು ಜನ ತುಳಿದೂ ತುಳಿದೂ ನುಣುಪಾಗಿರುತ್ತೆ, ನೆನೆದರೆ ಕಾಲು ನಿಲ್ಲಲ್ಲ. ಅಲ್ಲಿ ಪುಟ್ಟ ಹೆಜ್ಜೆ, ಇಡೀ ಅಡಿ ಊರಬೇಕು. ಕೋಲಿನ ಪಟ್ಟಿಯಿಂದ ಕೈ ಬಿಡಿಸಿಕೊಂಡಿರಿ. ಕಬ್ಬಿಣದ ಹಗ್ಗ ಕಟ್ಟಿರುವ ಕಡೆ ಕೋಲನ್ನು ಚೀಲಕ್ಕೆ ಸಿಕ್ಕಿಸಿ, ಬಂಡೆಗೆ ಮುಖ ಮಾಡಿ ಇಳಿಯಿರಿ.